ಮೂರು ಮಸೀದಿ, ಒಂದು ಮೈಯತ್ ವ್ಯಾನ್: ನನ್ನ ಅನುಭವ

ನನ್ನದು ಶಾಮಿಯಾನ ಮತ್ತು ಸೌಂಡ್ ಸಿಸ್ಟಮ್ ಅಂಗಡಿ. ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕು ಊರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯಿತು, ಊರಿನ ಎಲ್ಲ ಜಲ್ಸಾಗಳಿಗೂ (ಧಾರ್ಮಿಕ ಸಭೆಗಳಿಗೂ) ನನ್ನದೇ ಮೈಕು. ಸುನ್ನತ್ ಜಮಾತಿನವರ ಮಿಲಾದ್, ತಬ್ಲೀಗಿನವರ ಇಜ್ತೆಮಾ, ಅಹ್ಲೆ ಹದೀಸಿನವರ ದರ್ಸ್, ಮೊಹರಮ್ಮಿನಲ್ಲಿ ಶಿಯಾ ಮನೆಗಳ ಮಜ್ಲಿಸ್. ಮೊದಲ ಮೂವರೂ ಸುನ್ನಿಗಳೇ, ಒಂದೊಂದು ಮಸೀದಿ ಅವರದು. ಇವರು ಅವರನ್ನು ಬೈದದ್ದು, ಅವರು ಇವರನ್ನು ಬೈದದ್ದು ಎಲ್ಲವೂ ನನ್ನ ಹಾರ್ನಿನಿಂದಲೇ ಊರಿಗೆ ಕೇಳಿಸಿದೆ. ಬಾಡಿಗೆ ಮಾತ್ರ ಎಲ್ಲರಿಗೂ ಒಂದೇ.

ಇದನ್ನು ಈಗ ಬರೆಯೋಕೆ ಕಾರಣ ಇದೆ. 2021ರಲ್ಲಿ ನಾವು ಮೂರು ಮಸೀದಿ ಸೇರಿ ಮೈಯತ್ (ಹೆಣ) ಒಯ್ಯೋಕೆ ಒಂದು ವ್ಯಾನ್ ಮಾಡ್ತೇವೆ ಎಂದಾಗ ಊರಿನ ಒಬ್ಬ ಹಿರಿಯರು, "ಆರು ತಿಂಗಳು ನಡದ್ರ ನನ್ನ ಹೆಸರು ಬದಲಿ ಮಾಡ್ಕೊಂತೀನಿ" ಎಂದಿದ್ದರು. ನಾಲ್ಕು ವರ್ಷ ಆಯಿತು. ವ್ಯಾನ್ ಓಡ್ತಾ ಇದೆ. ಅವರ ಹೆಸರು ಹಳೆಯದೇ ಇದೆ, ನಾನೂ ನೆನಪಿಸಿಲ್ಲ. ಹೋದ ವರ್ಷ ಅವರ ಅಣ್ಣ ತೀರಿಕೊಂಡಾಗ ರಾತ್ರಿ ಒಂದೂವರೆಗೆ ಫೋನ್ ಬಂದದ್ದು ನನಗೇ.

ಮಸ್ಲಕ್ (ಒಳಪಂಥ) ಅಂದರೇನು, ನಮಾಜಿನಲ್ಲಿ ಆಮೀನ್ ಯಾರು ಜೋರಾಗಿ ಹೇಳ್ತಾರೆ, ಯಾರು ಮೆಲ್ಲಗೆ, ಇದೆಲ್ಲ ಮಸೀದಿ ಕಮಿಟಿಯಲ್ಲಿ ಕೂತವರಿಗೆ ಗೊತ್ತೇ ಇದೆ. ಅದನ್ನು ಬಿಡುತ್ತೇನೆ. ನಾನು ಎಲ್ಲೆಲ್ಲಿ ಬಿದ್ದೆ, ಎಷ್ಟು ದುಡ್ಡು ಹೋಯಿತು, ಅದನ್ನು ಮೊದಲು ಹೇಳುತ್ತೇನೆ.

ಮೊದಲ ಬಾರಿ ಬಿದ್ದದ್ದು 2016ರಲ್ಲಿ. ಅದರ ಹಿಂದಿನ ವರ್ಷ ಬಕ್ರೀದಿಗೆ ಲಕ್ನೋದ ಒಂದು ಇಮಾಂಬಾಡಾದಲ್ಲಿ (ಶಿಯಾಗಳ ಮೊಹರಂ ಸಭಾಭವನದಲ್ಲಿ) ಶಿಯಾ, ಸುನ್ನಿ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಒಟ್ಟಿಗೆ ನಮಾಜ್ ಮಾಡಿದ್ದರು. ಲಕ್ನೋ ಅಂದರೆ ಸುಮ್ನೆ ಅಲ್ಲ. ಗಲಾಟೆ ಆಗಿ ಆಗಿ 1977ರಿಂದ ಸುಮಾರು ಇಪ್ಪತ್ತು ವರ್ಷ ಮೊಹರಂ ಜುಲೂಸಿಗೇ (ಮೆರವಣಿಗೆಗೇ) ತಡೆ ಇದ್ದ ಊರು. ಅಲ್ಲೇ ಆಯಿತು ಅಂದಮೇಲೆ ನಮ್ಮಲ್ಲಿ ಯಾಕೆ ಆಗಬಾರದು ಎಂದು ನನಗೆ ಹುರುಪು ಬಂತು. ಒಂದು 'ಇತ್ತೆಹಾದ್ (ಒಗ್ಗಟ್ಟಿನ) ಸಭೆ' ಮಾಡಿದೆ. ಇನ್ನೂರು ಕುರ್ಚಿ ಹಾಕಿದೆ, ನಲವತ್ತು ಜನ ಬಂದರು. ಹೊರಗಿನಿಂದ ಬಂದ ಭಾಷಣಕಾರರು ಚೆನ್ನಾಗಿಯೇ ಮಾತಾಡಿದರು. 1959ರಲ್ಲಿ ಕೈರೋದ ಸುನ್ನಿ ವಿದ್ಯಾಪೀಠ ಅಲ್ ಅಜ್ಹರಿನ ಶೇಖ್ ಮಹಮೂದ್ ಶಲ್ತೂತ್ ಶಿಯಾಗಳ ಜಾಫರಿ ಮಝ್ಹಬಿನಂತೆ (ಶರಿಯತ್ ಪದ್ಧತಿಯಂತೆ) ನಡೆಯುವುದೂ ಸರಿಯೇ ಎಂದು ಫತ್ವಾ ಕೊಟ್ಟದ್ದು, 2005ರಲ್ಲಿ ಜೋರ್ಡಾನಿನ ಅಮ್ಮಾನಿನಲ್ಲಿ ಉಲೆಮಾ (ಧರ್ಮ ಪಂಡಿತರು) ಸೇರಿ ಎಂಟು ಮಝ್ಹಬುಗಳನ್ನು ಹೆಸರು ಹೇಳಿ ಒಪ್ಪಿಕೊಂಡದ್ದು, ಎಲ್ಲ ಹೇಳಿದರು. ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಹಜರತ್, ಅಮ್ಮಾನದಾಗ ಒಪ್ಪಿದ್ರಂತ ನಮ್ಮ ಖಬ್ರಸ್ತಾನದಾಗ ಒಪ್ಪಬೇಕೇನು?" ಎಂದು ಕೇಳಿದರು. ಅಲ್ಲಿಂದ ಶುರುವಾದ ವಾದ ರಾತ್ರಿ ಹನ್ನೊಂದರವರೆಗೆ. ಮೈಕು ಆಫ್ ಮಾಡಿದವನು ನಾನೇ. ಊಟ, ಬಸ್ ಚಾರ್ಜು, ಬ್ಯಾನರ್ ಸೇರಿ ಹದಿನೆಂಟು ಸಾವಿರದ ಹತ್ತಿರ ಕೈಬಿಟ್ಟಿತು. ಕುರ್ಚಿ ಬಾಡಿಗೆ ಲೆಕ್ಕ ಹಿಡಿದಿಲ್ಲ, ಅವು ನನ್ನವೇ.

ಎರಡನೆಯದು ವಾಟ್ಸ್ಯಾಪ್ ಗ್ರೂಪ್. ಹನ್ನೊಂದು ದಿನ ಬದುಕಿತ್ತು. ಅದರ ಬಗ್ಗೆ ಇಷ್ಟು ಸಾಕು.

ಮೂರನೆಯದು 2018ರ ಜಂಟಿ ಇಫ್ತಾರ್. ಎಲ್ಲರೂ ಮಾಡೋದು ಇದನ್ನೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೂರ್ಯ ಮುಳುಗಿದ ಕೂಡಲೇ ಸುನ್ನಿಗಳು ಖರ್ಜೂರ ಬಾಯಿಗಿಟ್ಟರು. ಶಿಯಾ ಮನೆಯವರು ಪೂರ್ವದ ಕೆಂಪು ಹೋಗಲಿ ಎಂದು ಹತ್ತು ಹದಿನೈದು ನಿಮಿಷ ಕಾಯ್ತಾರೆ. ಕರೆದವರೇ ತಿನ್ನುತ್ತಿದ್ದಾರೆ, ಬಂದವರು ಕೈಕಟ್ಟಿ ಕೂತಿದ್ದಾರೆ. ನೋಡೋಕೆ ಬಹಳ ಕೆಟ್ಟದಾಗಿ ಕಾಣಿಸಿತು. ಅದರ ಮೇಲೆ ನಮ್ಮ ಅಡುಗೆಯವನು ಅಭ್ಯಾಸಬಲದಿಂದ ಡೇಗ್ (ಅಡುಗೆ ಹಂಡೆ) ಇಳಿಸಿದ ಕೂಡಲೇ ಹಜರತ್‌ರನ್ನು ಕರೆದು ಫಾತಿಹಾ (ಅಡುಗೆ ಮುಂದೆ ಓದುವ ಪ್ರಾರ್ಥನೆ) ಓದಿಸಿಬಿಟ್ಟ. ಅದನ್ನು ಒಪ್ಪದ ಅಹ್ಲೆ ಹದೀಸಿನ ಹುಡುಗರು ಬಿರಿಯಾನಿ ಮುಟ್ಟಲಿಲ್ಲ. ಬಾಳೆಹಣ್ಣು ತಿಂದು ಎದ್ದರು.

ಮರುವರ್ಷ ಎರಡನ್ನೂ ಸರಿಮಾಡಿದೆ. ಖರ್ಜೂರ, ನೀರು ಪೊಟ್ಟಣ ಕಟ್ಟಿ ಕೈಗೆ ಕೊಡೋದು, ಯಾರು ಯಾವಾಗ ಬಿಡಿಸಿದರೂ ಯಾರಿಗೂ ಕಾಣಲ್ಲ. ಊಟದ ಸುಪ್ರಾ ಹಾಸೋದು ಎಲ್ಲರ ಮಗ್ರಿಬ್ ನಮಾಜ್ ಮುಗಿದ ಮೇಲೆ. ಫಾತಿಹಾ ಬೇಕಾದವರಿಗೆ ಒಂದು ಸಣ್ಣ ಡೇಗ್ ಬೇರೆ, ಅದು ಬೇರೆ ಮೂಲೆಯಲ್ಲಿ. ಜಗಳ ಆಗಲಿಲ್ಲ. ಆದರೆ ಒಂದು ಸಂಜೆ ಒಟ್ಟಿಗೆ ಉಂಡವರು ಮಾರನೇ ದಿನ ಬಜಾರಿನಲ್ಲಿ ಸಲಾಮಿಗೂ ನಿಲ್ಲಲಿಲ್ಲ. ಊಟದಿಂದ ಸಿಟ್ಟು ಇಳಿಯುತ್ತೆ ಅಷ್ಟೇ, ಕೆಲಸ ಆಗಲ್ಲ.

ಈಗ ನನಗೆ ನಾಚಿಕೆ ತರುವ ಮಾತು. 2019ರ ಏಪ್ರಿಲ್. ನಮ್ಮೂರಲ್ಲಿ ಶಿಯಾ ಮನೆ ಏಳೆಂಟು ಇವೆ. ಅವರಲ್ಲಿ ಒಬ್ಬ ವಯಸ್ಸಾದ ತಾಯಿ ಬೆಳಗಿನ ಜಾವ ತೀರಿಕೊಂಡರು. ಹಿಂದೆಲ್ಲ ಊರಿನ ಖಬ್ರಸ್ತಾನದಲ್ಲೇ ಮಾಡ್ತಿದ್ದರು, ಯಾರೂ ಕೇಳ್ತಿರಲಿಲ್ಲ. ಅವತ್ತು ಖಬ್ರಸ್ತಾನದ ಕಮಿಟಿಯಲ್ಲಿ ಯಾರೋ ತಕರಾರು ತೆಗೆದರು. ಮೀಟಿಂಗ್ ಕೂತಿತು. ನಾನು ಆ ಕಮಿಟಿಯ ಮೆಂಬರ್. ಅವರ ಮನೆ ಮುಂದೆ ಹಾಕಿದ್ದ ಶಾಮಿಯಾನವೂ ನನ್ನದೇ. ಹೊರಗೆ 41, 42 ಡಿಗ್ರಿ ಬಿಸಿಲು. ಒಪ್ಪಿಗೆ ಸಿಕ್ಕಿದ್ದು ಅಸರ್ (ಇಳಿಹೊತ್ತಿನ ನಮಾಜ್) ಆದ ಮೇಲೆ. ಇಡೀ ಮೀಟಿಂಗಿನಲ್ಲಿ ನಾನು ಬಾಯಿ ಬಿಡಲಿಲ್ಲ. ರಾತ್ರಿ ಶಾಮಿಯಾನ ಬಿಚ್ಚಲು ಹೋದಾಗ ಅವರ ಮಗ ಬಾಡಿಗೆ ಎಷ್ಟು ಎಂದು ಕೇಳಿ, ನೋಟು ಎಣಿಸಿ ಕೈಗಿಟ್ಟ. ಬೇಡ ಎನ್ನೋಕೂ ನನಗೆ ಮುಖ ಇರಲಿಲ್ಲ.

ಆಮೇಲೆ ಕೊರೊನಾ. 2021ರ ಮೇ ತಿಂಗಳಲ್ಲಿ ಮೈಯತ್ ಮುಟ್ಟುವವರೇ ಇಲ್ಲದಾಗ ಮಸ್ಲಕ್ ಕೇಳುವವರೂ ಇರಲಿಲ್ಲ. ಮೂರೂ ಮಸೀದಿಯ ಹತ್ತು ಹನ್ನೆರಡು ಹುಡುಗರು ಸೇರಿ ಕಿಟ್ ಹಾಕಿಕೊಂಡು ಮಣ್ಣು ಮಾಡಿದರು. ರೋಗ ಕಡಿಮೆ ಆಗ್ತಿದ್ದಂತೆ ಹಳೆ ಪ್ರಶ್ನೆಗಳು ಮತ್ತೆ ಬಂದವು. ಆ ಹುಡುಗರು ಚೆದುರಿ ಹೋಗುವ ಮೊದಲೇ ಕೈಗೆ ಒಂದು ಕೆಲಸ ಕೊಡಬೇಕಿತ್ತು. ವ್ಯಾನಿನ ಯೋಚನೆ ಹುಟ್ಟಿದ್ದು ಅಲ್ಲಿ.

ನಿಜ ಹೇಳಬೇಕೆಂದರೆ ವ್ಯಾನಿಗಿಂತ ಮೊದಲು ಹಾದಿ ತೋರಿಸಿದ್ದು ನಮ್ಮ ಹಿತ್ತಲಿನ ಬಾರಿ (ಬೋರೆ ಹಣ್ಣಿನ) ಗಿಡ. ಗುಸುಲ್ (ಮೈಯತ್ ತೊಳೆಯೋದು) ಮಾಡಿಸೋಕೆ ಬಾರಿ ಎಲೆ ಹಾಕಿ ಕುದಿಸಿದ ನೀರು ಬೇಕು, ಗೊತ್ತಲ್ಲ. ಊರೆಲ್ಲ ಎಲೆಗೆ ಬರೋದು ನಮ್ಮ ಮನೆಗೇ. ಒಂದು ದಿನ ಶಿಯಾ ಮನೆಯ ಹುಡುಗಿ ಎಲೆಗೆ ಬಂದಳು. ನಮ್ಮ ಮನೆಯವಳು ಎಲೆ ಕೊಟ್ಟು, ತೊಳೆಯೋಕೆ ಯಾರಿದ್ದಾರೆ ಎಂದು ಕೇಳಿದಳು. ಇಬ್ಬರೇ ಇದ್ದಾರೆ ಎಂದು ತಿಳಿದ ಮೇಲೆ ತಾನೂ ಹೋದಳು. ಬಂದು ನನಗೆ ಹೇಳಿದ್ದು ಇಷ್ಟು: "ಅವರು ಮೂರು ಸಲ ತೊಳೀತಾರ. ಒಮ್ಮೆ ಬಾರಿ ಎಲಿ ನೀರು, ಒಮ್ಮೆ ಕಪ್ಪುರದ ನೀರು, ಒಮ್ಮೆ ಬರೇ ನೀರು. ನಮ್ಮದೂ ಅದ ಅಲ್ಲೇನ್ರೀ? ಅವರು ಬ್ಯಾರೆ ಬ್ಯಾರೆ ಎಣಿಸ್ತಾರ, ಅಷ್ಟ." ಹಣೆ, ಅಂಗೈ, ಮೊಣಕಾಲು, ಕಾಲ ಹೆಬ್ಬೆರಳಿಗೆ ಕರ್ಪೂರ ಹಚ್ಚೋದು ಅವರಲ್ಲೂ ಇದೆ, ನಮ್ಮಲ್ಲೂ ಇದೆ. ನಾನು ಹದಿನೆಂಟು ಸಾವಿರ ಸುರಿದು ಕೇಳಿಸಿದ ಭಾಷಣದಲ್ಲಿ ಈ ಮಾತು ಬಂದಿರಲಿಲ್ಲ. ಇವತ್ತು ಹೆಂಗಸರ ಗುಸುಲ್ ತಂಡದಲ್ಲಿ ಒಂಬತ್ತು ಜನ ಇದ್ದಾರೆ. ನಾಲ್ಕೂ ಕಡೆಯವರು. ನಮ್ಮ ಇಡೀ ಕೆಲಸದಲ್ಲಿ ಒಮ್ಮೆಯೂ ಜಗಳ ಆಗದ ವಿಭಾಗ ಅದೊಂದೇ. ಗಂಡಸರ ಕಡೆ ಹಾಗಲ್ಲ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು. ಹಳೇ ಓಮ್ನಿ 1 ಲಕ್ಷ 65 ಸಾವಿರ. ಸೀಟು ಕಿತ್ತು ತಗಡು ಹಾಸಿ, ಡೋಲಾ (ಮೈಯತ್ ಹೊರುವ ಮಂಚ) ಜಾರಿಸೋ ಪಟ್ಟಿ ವೆಲ್ಡಿಂಗ್ ಮಾಡಿಸಿದ್ದಕ್ಕೆ 22 ಸಾವಿರ. ಫ್ರೀಜರ್ ಪೆಟ್ಟಿಗೆ 58 ಸಾವಿರ. ಒಟ್ಟು 2 ಲಕ್ಷ 45 ಸಾವಿರದ ಆಸುಪಾಸು. ಸುನ್ನತ್ ಜಮಾತಿನ ದೊಡ್ಡ ಮಸೀದಿ 60, ತಬ್ಲೀಗಿನವರ ಮರ್ಕಜ್ 50, ಅಹ್ಲೆ ಹದೀಸಿನವರು 40, ಶಿಯಾ ಮನೆಗಳು ಸೇರಿ 15 ಸಾವಿರ ಕೊಟ್ಟರು. ಹಾರ್ಡ್‌ವೇರ್ ಅಂಗಡಿಯ ಬೋಹ್ರಾ (ಶಿಯಾಗಳಲ್ಲೇ ಇನ್ನೊಂದು ಪಂಗಡ) ಸೇಠ್ ಒಬ್ಬರು 25 ಕೊಟ್ಟು ಎಲ್ಲೂ ಹೆಸರು ಹಾಕಬಾರದು ಎಂದರು. ಕಡಿಮೆ ಬಿದ್ದ 55 ಸಾವಿರ ನಾನು ಕರ್ಜ್-ಎ-ಹಸನಾ (ಬಡ್ಡಿಯಿಲ್ಲದ ಸಾಲ) ಅಂತ ಹಾಕಿದೆ. 30 ವಾಪಸ್ ಬಂದಿದೆ. 25 ಇನ್ನೂ ಬರಬೇಕು, ಕಮಿಟಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ನೆನಪಿರಲಿ.

ಫ್ರೀಜರ್ ಪೆಟ್ಟಿಗೆಗೆ ತಕರಾರು ಬಂತು. ದಫನ್ (ಮಣ್ಣು ಮಾಡೋದು) ತಡಮಾಡಬಾರದು, ಪೆಟ್ಟಿಗೆ ತಂದರೆ ತಡಮಾಡೋ ಚಟ ಬೀಳುತ್ತೆ ಎಂದರು. ಮಾತು ಸರಿಯೇ. ಆದರೆ ನಮ್ಮೂರ ಅರ್ಧ ಮಕ್ಕಳು ಪುಣೆ, ಮುಂಬೈ, ಸೌದಿಯಲ್ಲಿದ್ದಾರೆ. ಅಪ್ಪನ ಮುಖ ನೋಡದೆ ಹೋಯಿತು ಎಂದು ಅಳೋ ಮಗನಿಗೆ ಏನು ಹೇಳೋದು? ಹನ್ನೆರಡು ತಾಸಿಗಿಂತ ಜಾಸ್ತಿ ಇಡುವಂತಿಲ್ಲ ಎಂದು ಒಪ್ಪಂದ ಆಯಿತು. ಪೆಟ್ಟಿಗೆಯನ್ನು ನಮ್ಮವರಿಗಿಂತ ಜಾಸ್ತಿ ಬಳಸ್ತಿರೋದು ಪಕ್ಕದ ಓಣಿಯ ಲಿಂಗಾಯತರು, ಅದು ಬೇರೆ ಮಾತು. ಅವರು ಕೊಡುವ ಬಾಡಿಗೆಯಲ್ಲೇ ಅದರ ರಿಪೇರಿ ನಡೀತಿದೆ.

ವ್ಯಾನ್ ಬಂದ ಮೇಲೆ ಅದರ ಮೇಲೆ ಏನು ಬರೆಸೋದು ಎಂಬ ಪ್ರಶ್ನೆ. ನಾನು ಅಂಗಡಿಯಲ್ಲಿ ಇರಲಿಲ್ಲ. ದೊಡ್ಡ ಮಸೀದಿಯ ಇಬ್ಬರು ಪೇಂಟರನ್ನು ಕರೆದು 'ಯಾ ರಸೂಲಲ್ಲಾಹ್' (ಓ ಪ್ರವಾದಿಯೇ) ಬರೆಯೋಕೆ ಹೇಳಿದ್ದಾರೆ. ಅವನು ಹಸಿರು ಬಣ್ಣದಲ್ಲಿ 'ಯಾ' ಬರೆದು ಮುಗಿಸೋ ಹೊತ್ತಿಗೆ ಅಹ್ಲೆ ಹದೀಸಿನ ಹುಡುಗ ಬಂದ. 'ಯಾ' ಎಂದು ಕೂಗೋದು ಅಲ್ಲಾಹನನ್ನು ಮಾತ್ರ ಎಂದ. ಅಷ್ಟರಲ್ಲಿ ಶಿಯಾ ಮನೆಯ ಒಬ್ಬ ಮುದುಕರು ನಗುತ್ತಾ, 'ಯಾ' ಬರದೈತಿ, ಮುಂದೆ 'ಅಲಿ' (ಶಿಯಾಗಳ ಮೊದಲ ಇಮಾಮ್) ಹಾಕಿದರೆ ಬಣ್ಣ ಕಡಿಮೆ ಸಾಕು ಎಂದರಂತೆ. ತಮಾಷೆಗೇ ಹೇಳಿದ್ದು. ತಮಾಷೆ ಅಂತ ತಗೊಳ್ಳೋ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನಾನು ಹೋಗಿ ನೋಡಿದರೆ ಎಂಟು ಹತ್ತು ಜನ ಕೂಗಾಡ್ತಿದ್ದಾರೆ, ಪೇಂಟರ್ ಬ್ರಷ್ ಹಿಡಿದು ಕೂತಿದ್ದಾನೆ. ನನ್ನನ್ನು ಕಂಡು, "ಸಾಹೇಬ್ರ, 'ಯಾ' ಮುಂದ ಏನ್ ಬರೀಲ್ರಿ? ಬಣ್ಣ ಒಣಗಾಕತ್ತೈತಿ" ಎಂದ.

ಬಿಸ್ಮಿಲ್ಲಾಹ್ ಬದಲು ಬರೆಯುವ ಅಂಕಿ 786 ಹಾಕೋಣ ಎಂದರೆ ಅದಕ್ಕೂ ಒಪ್ಪದವರಿದ್ದರು. ಕೊನೆಗೆ 'ಯಾ' ಮೇಲೆ ಬಿಳಿ ಬಣ್ಣ ಬಳಿಸಿ ಕನ್ನಡದಲ್ಲಿ 'ಮೈಯತ್ ವಾಹನ' ಎಂದು ಬರೆಸಿ ಕೆಳಗೆ ಫೋನ್ ನಂಬರ್ ಹಾಕಿಸಿದೆ. ಬಣ್ಣದ ಖರ್ಚು ಎರಡು ಪಟ್ಟಾಯಿತು. ಬಿಸಿಲಲ್ಲಿ ಓರೆಯಾಗಿ ನೋಡಿದರೆ ಬಿಳಿ ಬಣ್ಣದ ಅಡಿಯಲ್ಲಿ ಆ 'ಯಾ' ಈಗಲೂ ಕಾಣುತ್ತೆ.

ಅವತ್ತಿನಿಂದ ಒಂದೇ ಕಟ್ಟು. ಕೆಲಸ ಜಂಟಿ, ಇಬಾದತ್ (ಪ್ರಾರ್ಥನೆ) ಅವರವರದು. ಗುಂಡಿ ತೋಡೋದು, ಪರ್ಸಿ ಕಲ್ಲು ತರೋದು, ಕಫನ್ (ಮೈಯತ್‌ಗೆ ಸುತ್ತುವ ಬಟ್ಟೆ), ವ್ಯಾನ್, ನೀರು, ಇವೆಲ್ಲ ಎಲ್ಲರದು. ನಮಾಜ್ ಯಾರು ಓದಿಸಬೇಕು, ಹೇಗೆ, ಆಮೇಲೆ ದುವಾ ಇದೆಯೋ ಇಲ್ಲವೋ, ಮೂರನೇ ದಿನ ಜಿಯಾರತ್ (ಸತ್ತವರಿಗಾಗಿ ಮಾಡುವ ಪ್ರಾರ್ಥನೆ) ಮಾಡ್ತಾರೋ ಬಿಡ್ತಾರೋ, ಇದರಲ್ಲಿ ಮನೆಯವರ ಮಾತೇ ಕೊನೆ. ತಂಡದವರು ಬಾಯಿ ಹಾಕುವಂತಿಲ್ಲ. ಬಾಯಿ ಹಾಕಿದವನಿಗೆ ಒಂದು ತಿಂಗಳು ವ್ಯಾನಿನ ಕೀಲಿ ಇಲ್ಲ. ಇಬ್ಬರಿಗೆ ಹಾಗೆ ಮಾಡಿದ್ದೇವೆ. ಅದರಲ್ಲಿ ಒಬ್ಬ ನನ್ನ ತಂಗಿಯ ಮಗ.

ಶಿಯಾ ಮನೆಯ ಮೊದಲ ಮೈಯತ್ ಬಂದಾಗ ನನಗೆ ಎದೆ ಡವಡವ. ನಮ್ಮ ಹುಡುಗರು ಹೆಗಲು ಕೊಟ್ಟು ತಂದರು, ನಮಾಜ್ ಹೊತ್ತಿಗೆ ಬೇವಿನ ಮರದ ಕೆಳಗೆ ಸರಿದು ನಿಂತರು. ಒಬ್ಬ ಹುಡುಗ ಮಾತ್ರ ಗೊತ್ತಿಲ್ಲದೆ ಸಫಿನಲ್ಲಿ (ನಮಾಜಿನ ಸಾಲಿನಲ್ಲಿ) ನಿಂತುಬಿಟ್ಟಿದ್ದ. ನಾಲ್ಕು ತಕ್ಬೀರ್ ('ಅಲ್ಲಾಹು ಅಕ್ಬರ್' ಎನ್ನೋದು) ಆಯಿತು, ಸಲಾಮ್ ಹೇಳೋಕೆ ಕತ್ತು ತಿರುಗಿಸಿದ. ನಮ್ಮಲ್ಲಿ ನಾಲ್ಕಕ್ಕೆ ಮುಗಿಯುತ್ತೆ, ಅವರಲ್ಲಿ ಐದು. ಐದನೇ ತಕ್ಬೀರ್ ಕೇಳಿ ಗಾಬರಿಯಾಗಿ ಮತ್ತೆ ಮುಂದೆ ನೋಡಿದ. ಮುಗಿದ ಮೇಲೆ ಪಕ್ಕದಲ್ಲಿದ್ದ ಮುದುಕರು ಅವನ ಬೆನ್ನು ತಟ್ಟಿ, "ಒಂದು ಜಾಸ್ತಿ ಆದ್ರ ಮೈಯತ್‌ಗೇನು ಭಾರ ಆಗೂದಿಲ್ಲ ಬಿಡು ಬೇಟಾ" ಎಂದರು. ಗುಂಡಿ ತೋಡುವ ಚಾಚಾ ಬೀಡಿ ಹಚ್ಚುತ್ತಾ ಅಂದದ್ದು ಇನ್ನೊಂದು. ಮೂವತ್ತು ವರ್ಷದಿಂದ ತೋಡ್ತಿದ್ದೇನೆ, ಉತ್ತರ ದಕ್ಷಿಣ, ಮುಖ ಕಿಬ್ಲಾ ಕಡೆ, ಯಾರದ್ದಾದರೂ ಅಳತೆ ಅದೇ, ನನಗೆ ಕೂಲಿಯೂ ಅದೇ ಎಂದರು.

ಆಮೇಲೂ ಒಬ್ಬರು ಶಿಯಾಗಳಿಗೆ ಈ ಊರಲ್ಲಿ ಜಾಗವೇ ಇರಲಿಲ್ಲ ಎಂದು ತೆಗೆದರು. ನಮ್ಮಲ್ಲಿ ಒಬ್ಬ ರಿಟೈರ್ಡ್ ಇತಿಹಾಸದ ಮಾಸ್ತರರಿದ್ದಾರೆ. ಬಿಜಾಪುರದವರು ಈ ಮಾತು ಆಡಬಾರದು ಎಂದು ಶುರುಮಾಡಿದರು. ಯೂಸುಫ್ ಆದಿಲ್ ಶಾಹ 1502ರ ಸುಮಾರಿಗೆ ಶಿಯಾ ಖುತ್ಬಾ (ಶುಕ್ರವಾರದ ಪ್ರವಚನ) ಓದಿಸಿದ. 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೇ ಇಬ್ರಾಹಿಂ ಅದನ್ನು ಸುನ್ನಿ ಕಡೆ ತಿರುಗಿಸಿದ. ಅವನ ಮಗ ಅಲಿ 1558ರ ಹೊತ್ತಿಗೆ ಮತ್ತೆ ಶಿಯಾ ಮಾಡಿದ. 1580ರಲ್ಲಿ ಪಟ್ಟಕ್ಕೆ ಬಂದ ಎರಡನೇ ಇಬ್ರಾಹಿಂ ಕಾಲಕ್ಕೆ ಮತ್ತೆ ಸುನ್ನಿ. "ನಿಮ್ಮ ಮುತ್ತಾತನ ಮುತ್ತಾತ ಯಾವ ಸುಲ್ತಾನನ ಕಾಲಕ್ಕೆ ಸತ್ತಿದ್ದನೋ ಮೊದಲು ಗೊತ್ತು ಮಾಡಿಕೊಂಡು ಬರ್ರಿ, ಆಮ್ಯಾಲೆ ಯಾರನ್ನ ಹೊರಗ ಹಾಕಬೇಕು ನೋಡೋಣು" ಎಂದರು ಮಾಸ್ತರು. ಆ ಮನುಷ್ಯ ಇನ್ನೂ ಗೊತ್ತು ಮಾಡಿಕೊಂಡು ಬಂದಿಲ್ಲ.

ಲೆಕ್ಕದ ವಿಷಯ ಹೇಳಲೇಬೇಕು. ಪ್ರತಿ ತಿಂಗಳು ಜಮಾ ಖರ್ಚಿನ ಜೆರಾಕ್ಸ್ ಮೂರೂ ಮಸೀದಿಯ ಬೋರ್ಡಿಗೆ ಹಚ್ಚುತ್ತೇನೆ. ಮೂರನೇ ತಿಂಗಳೇ 1,840 ರೂಪಾಯಿ ಹೊಂದಲಿಲ್ಲ. ನಮ್ಮನ್ನು ಕಂಡರಾಗದ ಒಬ್ಬರು ಜುಮ್ಮಾ ಮುಗಿದ ಮೇಲೆ ಎಲ್ಲರೆದುರು ಅದನ್ನು ಎತ್ತಿದರು. ಮನೆಗೆ ಬಂದು ನೋಡಿದರೆ ಪೆಟ್ರೋಲ್ ಬಿಲ್ ಎರಡು ಸಲ ಬರೆದಿದ್ದೆ. ಮುಂದಿನ ಜುಮ್ಮಾ ನಾನೇ ಮೈಕ್ ಹಿಡಿದು ತಪ್ಪು ನನ್ನದು ಎಂದು ಹೇಳಿ ದುಡ್ಡು ತುಂಬಿದೆ. ಆ ತಿಂಗಳು ಡಬ್ಬಿಯಲ್ಲಿ ಯಾವತ್ತಿಗಿಂತ ಜಾಸ್ತಿ ಬಿತ್ತು. ಲೆಕ್ಕ ಬರೆಯೋದರಲ್ಲಿ ನನ್ನಷ್ಟು ಪಕ್ಕಾ ಮನುಷ್ಯ ಈಗ ತಾಲ್ಲೂಕಿನಲ್ಲಿ ಇಲ್ಲ, ಬೇಕಾದರೆ ಬಂದು ನೋಡಿ.

ಕಫನ್ ಬಟ್ಟೆ ಇಚಲಕರಂಜಿಯಿಂದ ಥಾನ್ ಲೆಕ್ಕದಲ್ಲಿ ತರಿಸುತ್ತೇನೆ. ಬಜಾರಿನಲ್ಲಿ 1,400 ಬೀಳೋದು ನಮಗೆ 800ರೊಳಗೆ ಬೀಳುತ್ತೆ. ಯಾರ ಹತ್ತಿರ ಎಂದು ಹೇಳಲ್ಲ. ಹೇಳಿದರೆ ಅವನು ರೇಟ್ ಏರಿಸ್ತಾನೆ. ಹಾಗೇ, ಹತ್ತು ವರ್ಷ ಮಾತು ಬಿಟ್ಟಿದ್ದ ಎರಡು ಮಸೀದಿಯ ಹಜರತ್‌ರನ್ನು ಒಂದೇ ಕೋಣೆಯಲ್ಲಿ ಹೇಗೆ ಕೂರಿಸಿದೆ ಎಂದು ಬಹಳ ಜನ ಕೇಳ್ತಾರೆ. ಅದೂ ನನ್ನ ಹತ್ತಿರವೇ ಇರಲಿ. ಅದರಲ್ಲಿ ಒಂದು ಕೆಟ್ಟುಹೋದ ಆಂಪ್ಲಿಫೈಯರ್ ಇತ್ತು ಎಂದಷ್ಟೇ ಹೇಳಬಲ್ಲೆ.

ಮಧ್ಯೆ ಬೇರೆ ಪ್ರಯೋಗಗಳೂ ಆದವು. 2022ರ ಆಶುರಾ ದಿನ (ಮೊಹರಂ 10) ರಕ್ತದಾನ ಶಿಬಿರ ಇಟ್ಟೆವು. ಶಿಯಾ ಹುಡುಗರೇ ಕೇಳಿದ್ದು, ಅವತ್ತಿನ ಶೋಕದಲ್ಲಿ ಮೈಗೆ ಗಾಯ ಮಾಡಿಕೊಂಡು ರಕ್ತ ಸುಮ್ನೆ ಚೆಲ್ಲೋದಕ್ಕಿಂತ ಯಾರಿಗಾದರೂ ಆಗಲಿ ಎಂದು. ಪಕ್ಕದಲ್ಲೇ ಶರಬತ್ತಿನ ಸಬೀಲ್ (ಅರವಟ್ಟಿಗೆ). ನಾನು ಮರೆತದ್ದು ಒಂದೇ. ಮೊಹರಂ 9, 10ಕ್ಕೆ ನಮ್ಮ ಸುನ್ನಿಗಳಲ್ಲಿ ಅರ್ಧ ಜನ ರೋಜಾ (ಉಪವಾಸ) ಇರ್ತಾರೆ. ರಕ್ತವೂ ಬರಲಿಲ್ಲ, ಶರಬತ್ತೂ ಖಾಲಿ ಆಗಲಿಲ್ಲ. ಸಂಜೆ ಮೇಲೆ ಇಡೋಣ ಎಂದರೆ ರಕ್ತನಿಧಿಯವರು ಮಧ್ಯಾಹ್ನ ಎರಡಕ್ಕೆ ಗಾಡಿ ಹತ್ತುತ್ತಾರೆ. ಎರಡು ಹಂಡೆ ಶರಬತ್ತು ಬಸ್ ಸ್ಟ್ಯಾಂಡಿಗೆ ಒಯ್ದು ಹಂಚಿದೆವು. ಮರುವರ್ಷದಿಂದ ಶಿಬಿರ ಹನ್ನೆರಡನೇ ತಾರೀಖಿಗೆ. ಈಗ ಐವತ್ತು ಅರವತ್ತು ಬಾಟಲಿ ಆಗುತ್ತೆ.

ರಂಜಾನಿಗೆ ಒಂದೇ ಟೈಮ್ ಟೇಬಲ್ ಕಾರ್ಡ್ ಅಚ್ಚು ಹಾಕಿಸಿದ್ದು ಮಾತ್ರ ಮಣ್ಣುಪಾಲು. ಸಾವಿರ ಕಾರ್ಡು, 3,200 ರೂಪಾಯಿ. ಮೂರೂ ಮಸೀದಿಯ ಸಹರಿ (ಉಪವಾಸಕ್ಕೆ ಮುಂಚಿನ ಊಟ) ವೇಳೆಯಲ್ಲಿ ಎರಡು ಮೂರು ನಿಮಿಷ ವ್ಯತ್ಯಾಸ, ಅದನ್ನು ಹೇಗೋ ಹೊಂದಿಸಿದೆ. ಹೊಂದಿಸೋಕೆ ಆಗದೇ ಹೋದದ್ದು ಯಾವ ಮಸೀದಿಯ ಹೆಸರು ಮೇಲೆ ಬರಬೇಕು ಅನ್ನೋದು. ಆರುನೂರು ಕಾರ್ಡು ಅಂಗಡಿಯಲ್ಲಿ ಉಳಿದವು. ಈಗ ಅದರ ಹಿಂಬದಿಯಲ್ಲಿ ಬಾಡಿಗೆ ಚೀಟಿ ಬರೀತೇನೆ.

ಚಂದ್ರನ ವಿಷಯಕ್ಕೂ ಕೈ ಹಾಕಿದ್ದೆ. ಬೋಹ್ರಾ ಸೇಠ್‌ರದ್ದು ಲೆಕ್ಕದ ಕ್ಯಾಲೆಂಡರ್, ಒಂದು ತಿಂಗಳು 30, ಮುಂದಿನದು 29, ಚಂದ್ರ ಕಂಡರೂ ಕಾಣದಿದ್ದರೂ ಅವರ ಈದ್ ಮೊದಲೇ ಗೊತ್ತು. ಮಂಗಳೂರಿನಲ್ಲಿ ಅಂಗಡಿ ಇಟ್ಟಿರುವ ನಮ್ಮ ಹುಡುಗರು ಕೇರಳದ ಜೊತೆ ಒಂದು ದಿನ ಮೊದಲೇ ಮಾಡಿ ವೀಡಿಯೊ ಕಳಿಸ್ತಾರೆ. ಇಲ್ಲಿ ರಾತ್ರಿ ಎಂಟಕ್ಕೇ ಒಂದು ಮಸೀದಿಯಲ್ಲಿ ಘೋಷಣೆ, ಇನ್ನೊಂದರಲ್ಲಿ ಇಲ್ಲ. ಬೆಂಗಳೂರಿನ ಚಂದ್ರ ದರ್ಶನ ಕಮಿಟಿ ಹೇಳುವವರೆಗೆ ಮೂವರೂ ಮೈಕ್ ಆನ್ ಮಾಡಬಾರದು ಎಂದು ಒಪ್ಪಿಸಿದೆ. ಮೈಕ್ ರಿಪೇರಿ ಮಾಡುವವನು ನಾನೇ ಆದ್ದರಿಂದ ಮಾತು ನಡೆಯುತ್ತೆ. ಬೋಹ್ರಾ ಸೇಠ್ ತಮ್ಮ ಈದಿಗೆ ಶೀರ್ ಖುರ್ಮಾ (ಶಾವಿಗೆ ಪಾಯಸ) ಕಳಿಸ್ತಾರೆ, ನಾವು ನಮ್ಮ ಈದಿಗೆ ವಾಪಸ್ ಕಳಿಸ್ತೇವೆ.

ಇಲ್ಲಿಯವರೆಗೆ ವ್ಯಾನ್ 250, 260 ಮೈಯತ್ ಒಯ್ದಿದೆ. ಬಾರಿ ಗಿಡ ಬೋಳಾಗಿದೆ ಎಂದು ಮನೆಯವಳು ಗೊಣಗಿದ್ದಕ್ಕೆ ಖಬ್ರಸ್ತಾನದ ಗೋಡೆ ಪಕ್ಕ ಮೂರು ಸಸಿ ನೆಟ್ಟೆವು. ಗೋರಿ ಹತ್ತಿರ ಗಿಡ ನೆಡಬಹುದೋ ಇಲ್ಲವೋ ಎಂದು ಅರ್ಧ ದಿನ ಚರ್ಚೆ ಆಯಿತು. ಗೋರಿಯಿಂದ ಎಂಟು ಅಡಿ ದೂರ ಎಂದು ಟೇಪ್ ಹಿಡಿದು ಅಳೆದು ಮುಗಿಸಿದೆ. ಒಂದು ಸಸಿ ಆಡು ತಿಂದಿತು, ಎರಡು ಬಂದಿವೆ.

ವ್ಯಾನಿನ ಹಿಂದಿನ ಎರಡೂ ಟೈರ್ ಸವೆದಿವೆ. ಈ ಶುಕ್ರವಾರ ಮೂರೂ ಕಡೆ ಡಬ್ಬಿ ಇಡ್ತೇವೆ. ಶಿಯಾ ಮನೆಯವರು ಮೊನ್ನೆಯೇ ಬಂದು ಒಂದು ಟೈರ್ ನಮ್ಮದು ಎಂದು ಹೇಳಿ ಹೋಗಿದ್ದಾರೆ.